ತಿಪ್ಪೇಶ ಎರಡನೇ ಲಿನಕ್ಸ್ ಎಬ್ಬಿಸಿದ್ದು

ನಗಬೇಕು ಅನ್ಸಿದ್ರೆ ನಗಿ, ಆದ್ರೆ ತೀರಾ ಜೋರಾಗಿ ಬೇಡ. ಇದನ್ನ ಹೇಳ್ತಿರೋ ನಾನೇ ಮೊನ್ನೆ ಫೋನಿನ ಟಾರ್ಚ್ ಹಾಕ್ಕೊಂಡು ಮಂಚದ ಕೆಳಗೆ ಫೋನ್ ಹುಡುಕಿದೋನು.

ಚಳ್ಳಕೆರೆಯಲ್ಲಿ ತಿಪ್ಪೇಶ ಅಂತ ಒಬ್ಬ ಇದ್ದ. ಇಪ್ಪತ್ತಾರು ವರ್ಷ, ಗಟ್ಟಿ ಆಳು, ಒಳ್ಳೇ ಮನಸ್ಸು. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ. ಅದೇ ಅವನ ರೋಗ! ಅವನಿಗೂ ಅದು ಗೊತ್ತಿತ್ತು. "ನನ್ನ ತಲೆ ಇದೆಯಲ್ಲಾ, ಟೋಪಿ ಹಾಕ್ಕೊಳ್ಳೋಕೆ ಮಾತ್ರ," ಅಂತ ತಾನೇ ಹೇಳ್ಕೊಂಡು ತಾನೇ ನಗ್ತಿದ್ದ. ಅವನ ತಾಯಿ ಓಬಮ್ಮ ಮಾತ್ರ ನಗ್ತಿರಲಿಲ್ಲ. ಆಕೆ ಲಗ್ನಪತ್ರಿಕೆ ಅಚ್ಚು ಹಾಕೋ ಅಂಗಡಿ ಇಟ್ಟಿದ್ದಳು.

ಅಂಗಡಿಗೆ ಹೊಸ ಪ್ರಿಂಟರ್ ಬಂತು. ಕಂಪ್ಯೂಟರನ್ನ ನಡೆಸೋ ತಂತ್ರಾಂಶ, ಒಳಗಿದ್ದ ಹಳೇ ಲಿನಕ್ಸ್, ಅದನ್ನ ಗುರುತೇ ಹಿಡಿಯಲಿಲ್ಲ! ಓಬಮ್ಮನ ತಮ್ಮ ಚಿದಾನಂದ, ಹಿರಿಯೂರಲ್ಲಿ ಕಂಪ್ಯೂಟರ್ ಕಲಿಸೋ ಮೇಷ್ಟ್ರು, ಭಾನುವಾರ ಬಂದು ಅದೇ ಯಂತ್ರದೊಳಗೆ ಎರಡನೇ ಲಿನಕ್ಸ್ ಹಾಕಿ, ಬಸ್ಸಿಗೆ ಹೊತ್ತಾಯ್ತು ಅಂತ ಓಡಿದ. ಸೋಮವಾರ ಯಂತ್ರ ಹಚ್ಚಿದ್ರೆ ಹಳೇದೇ ಏಳ್ತು! ಮತ್ತೆ ಹಚ್ಚಿದ್ರೆ ಮತ್ತೆ ಹಳೇದೇ! ಶುಕ್ರವಾರದೊಳಗೆ ಎಣ್ಣೆ ಮಿಲ್ಲಿನ ಪಾಲಯ್ಯನ ಇಬ್ಬರು ಹೆಣ್ಣುಮಕ್ಕಳ ಲಗ್ನಪತ್ರಿಕೆ ಕೊಡಬೇಕು. ತಪ್ಪಿದ್ರೆ ಊರಿನ ಪತ್ರಿಕೆಗಳೆಲ್ಲ ಎದುರಂಗಡಿ ಪಾಲು.

ಚಿದಾನಂದ ಫೋನಲ್ಲಿ ಹೇಳಿದ: "ಯಂತ್ರ ಎದ್ದ ಕೂಡಲೇ ಯಾರನ್ನ ಒಳಗೆ ಬಿಡಬೇಕು ಅಂತ ನೋಡೋನು ಒಬ್ಬ ಇರ್ತಾನೆ ಕಣೋ ತಿಪ್ಪ, ಬಾಗಿಲು ಕಾಯೋನ ಥರ. ಬೂಟ್ ಲೋಡರ್ ಅಂತಾರೆ. ಅವನ ಪಟ್ಟಿಯಲ್ಲಿ ಎರಡನೇದರ ಹೆಸರಿಲ್ಲ, ಸೇರಿಸಬೇಕು. ಮೊದಲು ಆ ಪಟ್ಟಿ ಫೈಲಿಂದು ಒಂದು ಕಾಪಿ ಮಾಡಿ ಇಟ್ಕೋ."

"ಆಗ್ಲಿ ಮಾವ!"

ಬೆಳಗ್ಗೆ ಕೂತ, ಸಂಜೆ ಎದ್ದ. ಇನ್ನೂರು ಪುಟದ ನೋಟ್‌ಬುಕ್ಕಲ್ಲಿ ಫೈಲನ್ನ ಆವರಣ ಚಿಹ್ನೆ ಸಮೇತ ಮುದ್ದಾದ ಅಕ್ಷರದಲ್ಲಿ ಬರೆದಿದ್ದ. ಕೆಂಪು ಶಾಯಿಯಲ್ಲಿ ಅಂಚು ಬೇರೆ ಎಳೆದಿದ್ದ!

"ಅಯ್ಯೋ ಪೆದ್ದ ಮುಂಡೇದೇ!" ಓಬಮ್ಮ ಹಣೆ ಬಡ್ಕೊಂಡಳು. "ಪುಸ್ತಕದಲ್ಲಿ ಬರೀತಾರೇನೋ? ಯಂತ್ರದ ಕೆಲಸ ಯಂತ್ರದೊಳಗೇ ಇರಬೇಕು!"

"ಹೌದಲ್ವಾ! ಇನ್ಮೇಲೆ ಯಂತ್ರದೊಳಗೇ ಬರೀತೀನಮ್ಮ."

ಮಾರನೇ ದಿನ ಚಿದಾನಂದ ಫೋನಲ್ಲೇ ಕಾಪಿ ಮಾಡೋದನ್ನ ತಾನೇ ಹೇಳಿಕೊಟ್ಟು ಮುಗಿಸಿದ. ಆಮೇಲೆ ಅಂದ: "ಈಗ ಎರಡನೇ ಲಿನಕ್ಸ್ ಡಿಸ್ಕಿನ ಎಷ್ಟನೇ ಭಾಗದಲ್ಲಿದೆ ನೋಡು."

"ಐದನೇದು ಮಾವ!"

"ಭೇಷ್! ಅದನ್ನ ಬರ್ಕೋ."

ತಿಪ್ಪೇಶ ಯಂತ್ರ ಆರಿಸಿದ. ಸ್ಕ್ರೂ ಬಿಚ್ಚಿದ. ಪಕ್ಕದ ತಗಡು ತೆಗೆದ. ದಪ್ಪ ಮಾರ್ಕರ್ ತಗೊಂಡು ಒಳಗಡೆ ತಗಡಿನ ಮೇಲೆ '೫' ಅಂತ ಬರೆದ. ಸ್ಕ್ರೂ ಹಾಕಿದ.

"ಬರ್ಕೊಂಡ್ಯಾ?"

"ಯಂತ್ರದೊಳಗೇ ಬರ್ದಿದೀನಿ ಮಾವ! ಮುಚ್ಚಿದ್ಮೇಲೆ ಕಾಣ್ತಿಲ್ಲ, ಅಷ್ಟೇ."

ಓಬಮ್ಮ ಪೊರಕೆ ಎತ್ಕೊಂಡು ಬಂದಳು. "ಒಳಗೆ ಬರೆದ್ರೆ ಯಾರಿಗೋ ಕಾಣುತ್ತೆ, ಇರುವೆಗಾ? ಬರೆದದ್ದು ಕಣ್ಣಿಗೆ ಕಾಣಬೇಕು ಕಣೋ! ಪರದೆ ಮೇಲೆ ಬರಿ!"

"ಹೌದಲ್ವಾ! ನನ್ನ ತಲೆಗೆ ಬೆಂಕಿ ಬೀಳ! ಇನ್ಮೇಲೆ ಪರದೆ ಮೇಲೇ ಬರೀತೀನಮ್ಮ."

ಬುಧವಾರ ಚಿದಾನಂದ ಹೇಳಿದ: "ಯಂತ್ರ ಹಚ್ಚು. ನಿನ್ನೆ ಪಟ್ಟಿ ಪರದೆ ಮೇಲೆ ಕಾಣೋ ಹಾಗೆ ಮಾಡಿದ್ವಲ್ಲ, ಬಂತಾ?"

"ಬಂತು ಮಾವ. ಒಂದೇ ಸಾಲಿದೆ."

"ಅದರ ಕೆಳಗೆ ಎರಡನೇದು ಬರಬೇಕು. ಫೈಲ್ ತೆಗೆದು ಬರಿ. ನಂಗೆ ಕ್ಲಾಸಿದೆ, ಆಮೇಲೆ ಫೋನ್ ಮಾಡ್ತೀನಿ."

ಒಂದು ಗಂಟೆ ಬಿಟ್ಟು ಮಾವ ಫೋನ್ ಮಾಡಿದ್ರೆ ತಿಪ್ಪೇಶ ಬೆವತು ಹೋಗಿದ್ದ. "ಬರ್ದೆ ಮಾವ, ಆದ್ರೆ ಕೆಳಗಿನ ಬಾಣ ಎಷ್ಟು ಒತ್ತಿದ್ರೂ ನಾನು ಬರ್ದಿರೋ ಸಾಲಿಗೆ ಇಳೀತಾನೇ ಇಲ್ಲ!"

ಓಬಮ್ಮ ಬಗ್ಗಿ ನೋಡಿದಳು. ಪರದೆಯ ಗಾಜಿನ ಮೇಲೆ ಅದೇ ದಪ್ಪ ಮಾರ್ಕರಲ್ಲಿ 'ಎರಡನೇ ಲಿನಕ್ಸ್' ಅಂತಿತ್ತು!

ಆಕೆ ಅವತ್ತು ಬೈಯಲೂ ಇಲ್ಲ. ಸೆರಗಲ್ಲಿ ಗಾಜು ಉಜ್ಜುತ್ತಾ ಅಲ್ಲೇ ಕೂತು ಅತ್ತಳು. ಪೊರಕೆ ಏಟಾದ್ರೆ ತಿಪ್ಪೇಶನಿಗೆ ಅಭ್ಯಾಸವಿತ್ತು, ಅಮ್ಮನ ಅಳು ಅಭ್ಯಾಸವಿರಲಿಲ್ಲ. "ಮಾವ, ನಾನು ಕತ್ತೆ. ಕತ್ತೆಗೆ ಹೇಳೋ ಹಾಗೆ ಹೇಳು," ಅಂದ.

"ಸರಿ, ಕೀಬೋರ್ಡ್ ಮುಂದೆ ಕೂತ್ಕೋ. ನನ್ನ ಬಾಯಿಂದ ಏನು ಬರುತ್ತೋ ಅದನ್ನ ಒಂದಕ್ಷರ ಬಿಡದೆ ಟೈಪ್ ಮಾಡು!"

"ಒಂದಕ್ಷರ ಬಿಡಲ್ಲ ಮಾವ!"

ಮಿಕ್ಕ ಸಾಲುಗಳನ್ನ ಚಿದಾನಂದ ಮೊಬೈಲಿಗೆ ಬರೆದೇ ಕಳಿಸಿದ್ದ, ಸದ್ಯ ಅವು ನೆಟ್ಟಗೆ ಕೂತ್ವು. ಪಟ್ಟಿಯಲ್ಲಿ ಕಾಣಬೇಕಾದ ಹೆಸರೊಂದು ಮಾತ್ರ ಬಾಯಲ್ಲಿ ಹೇಳಬೇಕಿತ್ತು. ಹೇಳಿದ. ತಿಪ್ಪೇಶ ಟಕ ಟಕ ಒತ್ತಿದ. ಯಂತ್ರ ಆರಿಸಿ ಹಚ್ಚಿದ. ಪಟ್ಟಿ ಬಂತು. ಒಂದು ಸಾಲಲ್ಲ, ಎರಡು! ಎರಡನೇ ಸಾಲಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೀಗಿತ್ತು: 'ಎರಡನೇದು ಅಂತ ಹಾಕೋ ಲೇ ಕಾಫಿಗೆ ಸಕ್ಕರೇನೇ ಹಾಕಿಲ್ವಲ್ಲೇ ಅಯ್ಯೋ ನಿನಗಲ್ಲ ಕಣೋ ತಿಪ್ಪ.'

ಓಬಮ್ಮ ಪೊರಕೆಗೆ ಕೈ ಹಾಕಿದಳು. ಅಷ್ಟರಲ್ಲಿ ತಿಪ್ಪೇಶ ಬಾಣ ಒತ್ತಿದ. ಸಾಲು ಇಳೀತು! ಎಂಟರ್ ಒತ್ತಿದ. ಎರಡನೇ ಲಿನಕ್ಸ್ ಎದ್ದೇ ಬಿಡ್ತು! ಹೊಸ ಪ್ರಿಂಟರ್ ಗುರ್ ಅಂತು!

"ಬಂತು! ಬಂತು!" ತಾಯಿ ಮಗ ಇಬ್ಬರೂ ಕುಣಿದ್ರು.

ಚಿದಾನಂದ ಕೊನೇದಾಗಿ ಇನ್ನೊಂದು ಹೇಳಿಕೊಟ್ಟ. ಯಂತ್ರ ಹಚ್ಚಿದ್ರೆ ತಾನಾಗೇ ಎರಡನೇದೇ ಮೊದಲು ಏಳಬೇಕು. ಹಳೇದು ಬೇಕಾದ್ರೆ ಐದು ಸೆಕೆಂಡಿನೊಳಗೆ ಬಾಣ ಒತ್ತಬೇಕು. ಅದನ್ನೂ ತಿಪ್ಪೇಶ ತಪ್ಪಿಲ್ಲದೆ ಮಾಡಿದ!

ಓಬಮ್ಮನಿಗೆ ಹಿಗ್ಗೋ ಹಿಗ್ಗು. ಜನ್ಮದಲ್ಲಿ ಮೊದಲ ಸಲ ಮಗನ ತಲೆ ಸವರಿದಳು. "ಭಲೇ ನನ್ನ ಮಗನೇ! ಎರಡನೇದನ್ನ ಮೊದಲು ಇಟ್ಟೆ ನೋಡು, ಎಲ್ಲಾ ಸರಿಹೋಯ್ತು. ಇನ್ಮೇಲೂ ಹಿಂಗೇ ಮಾಡು. ಆ ಪಾಲಯ್ಯನ ಪತ್ರಿಕೆ ಅಚ್ಚು ಹಾಕಿಬಿಡು," ಅಂತ ಹೇಳಿ ಸಂತೆಗೆ ಹೋದಳು.

ಬೈದ್ರೇನೇ ಅಷ್ಟು ಕಷ್ಟ. ಹೊಗಳಿದ್ರೆ ಕೇಳಬೇಕೇ?

ಶುಕ್ರವಾರ ಪತ್ರಿಕೆ ಕಟ್ಟು ಪಾಲಯ್ಯನ ಮನೆ ಸೇರಿತು. ಅರ್ಧ ಗಂಟೆಗೆ ಪಾಲಯ್ಯ ಅಂಗಡಿ ಮುಂದೆ! ಕೈಯಲ್ಲಿ ಪತ್ರಿಕೆ, ಮೀಸೆ ಕುಣೀತಿದೆ.

"ಏನ್ರಮ್ಮಾ ಇದು! ದೊಡ್ಡೋಳು ರತ್ನಮಾಲಂಗೆ ಗೊತ್ತು ಮಾಡಿದ್ದು ಮಾರುತಿನ. ಚಿಕ್ಕೋಳಿಗೆ ಓಬಳೇಶನ್ನ. ನೀವು ಗಂಡುಗಳನ್ನೇ ಅದಲು ಬದಲು ಮಾಡಿದೀರಲ್ರೀ!"

ಓಬಮ್ಮ ಮಗನ ಕಡೆ ತಿರುಗಿದಳು.

"ಎರಡನೇದನ್ನ ಮೊದಲು ಇಟ್ಟೆ ಅಮ್ಮ, ನೀನೇ ಹೇಳಿದ್ಯಲ್ಲ!" ಅಂದ ತಿಪ್ಪೇಶ. "ಹುಡುಗಿಯರನ್ನೂ ಹಂಗೇ ಮಾಡೋಣ ಅಂತಿದ್ದೆ, ಪಾಪ ಹೆಣ್ಣುಮಕ್ಕಳನ್ನ ಯಾಕೆ ಗೋಳು ಹೊಯ್ಕೊಳ್ಳೋದು ಅಂತ ಬಿಟ್ಟೆ."

"ಅಯ್ಯಯ್ಯೋ!" ಪಾಲಯ್ಯ ಬೆಂಚಿನ ಮೇಲೆ ಕುಸಿದ. "ಊರೆಲ್ಲ ಹಂಚೋಕೆ ಶುರು ಮಾಡಿದಾರಲ್ಲೋ! ಈಗ ಏನೋ ಗತಿ?"

ತಿಪ್ಪೇಶ ಹತ್ತಿರ ಹೋಗಿ ಹಿರೀಕನ ಹಾಗೆ ಅವನ ಭುಜ ತಟ್ಟಿದ.

"ಹೆದರಬೇಡಿ ಯಜಮಾನ್ರೇ. ಧಾರೆ ಹೊತ್ತಿಗೆ ಹುಡುಗಿ ಕೈಗೆ ಒಂದು ಕೀಬೋರ್ಡ್ ಕೊಟ್ಟಿರಿ. ಐದು ಸೆಕೆಂಡಿನೊಳಗೆ ಕೆಳಗಿನ ಬಾಣ ಒತ್ತಿದ್ರೆ ಹಳೇ ಗಂಡೇ ಎದ್ದು ಬರ್ತಾನೆ!"