ಹೊಳೆಯಾಚೆಯ ಆಯುಧಶಾಲೆ

"ಗುರುಗಳೇ, ನೆರೆನಾಡಿನವರು ಆಯುಧ ಕೂಡಿಟ್ಟಿದ್ದಾರೋ ಇಲ್ಲವೋ ಎಂಬುದು ಒಮ್ಮೆ ಗೊತ್ತಾಗಿಬಿಟ್ಟರೆ, ಯುದ್ಧ ಬೇಕೋ ಬೇಡವೋ ಎಂಬುದೂ ತಾನಾಗಿಯೇ ತೀರ್ಮಾನವಾಗುತ್ತದೆ, ಅಲ್ಲವೇ?"

ಕೇಳಿದವನು ನಿಜಗುಣ ಎಂಬ ಶಿಷ್ಯ. ಊರಸಭೆಯಿಂದ ಮಠದವರೆಗೆ ಓಡಿಕೊಂಡೇ ಬಂದಿದ್ದ. ನೆರೆನಾಡನ್ನು ಶೋಧಿಸಲು ಹೋಗಿದ್ದ ದೂತರು ಮರುದಿನ ಹಿಂತಿರುಗುವವರಿದ್ದರು. ಊರಿಗೆ ಊರೇ ಬೀದಿಯಲ್ಲಿತ್ತು. ಅವನಿಗೂ ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ.

"ಕುಳಿತುಕೋ" ಎಂದು ಹೇಳಿ ಗುರುಗಳು ಈ ಕತೆಯನ್ನು ಹೇಳಿದರು.

ಒಂದು ಹೊಳೆ. ಅದರ ಎರಡು ದಡದಲ್ಲಿ ಎರಡು ಊರು. ಈಚೆ ಊರಿನಲ್ಲಿ ಒಬ್ಬ ದಳವಾಯಿ ಇದ್ದ. ವಯಸ್ಸಾಗಿ ಕತ್ತಿ ಕೆಳಗಿಟ್ಟು ಮನೆಯಲ್ಲಿದ್ದ. ಒಬ್ಬಳೇ ಮಗಳು, ಅವಳನ್ನು ಆಚೆ ಊರಿಗೆ ಕೊಟ್ಟಿದ್ದ.

ಒಂದು ಮಹಾನವಮಿಯ ದಿನ ಬಳೆಗಾರನೊಬ್ಬ ಆಚೆ ದಡದಿಂದ ಸುದ್ದಿ ತಂದ. ಅಲ್ಲಿ ಆಯುಧಶಾಲೆಯ ಬಾಗಿಲಿಗೆ ದೊಡ್ಡ ಬೀಗ ಹಾಕಿದ್ದಾರೆ. ಊರವರೆಲ್ಲ ಸೇರಿ ಆ ಮುಚ್ಚಿದ ಬಾಗಿಲಿಗೇ ಆಯುಧಪೂಜೆ ಮಾಡಿದರು. ಕುಂಬಳಕಾಯಿ ಒಡೆದರು. ಆದರೆ ಬಾಗಿಲು ಮಾತ್ರ ತೆರೆಯಲಿಲ್ಲ.

"ತೋರಿಸಲಾರದಷ್ಟು ಇದೆ ಎಂದಾಯಿತು" ಎಂದರು ಈಚೆಯವರು. ಸಭೆ ಸೇರಿತು. ಅರ್ಧ ಊರು ಯುದ್ಧ ಬೇಕು ಎಂದಿತು, ಅರ್ಧ ಊರು ಬೇಡ ಎಂದಿತು. ಬೇಡ ಎಂದವರಿಗೆ ಒಬ್ಬ ಧಾನ್ಯದ ವ್ಯಾಪಾರಿ ಮುಂದಾಳು. ಅವನ ಮಾತು ಕೇಳಿ ದಳವಾಯಿಯ ಕಣ್ಣು ತುಂಬಿ ಬಂತು. ತಾಯಂದಿರ ಹೆಸರು ಹೇಳಿ, ಎಳೆಯ ಹುಡುಗರ ಹೆಸರು ಹೇಳಿ, ವ್ಯಾಪಾರಿ ಅಷ್ಟು ಚೆನ್ನಾಗಿ ಮಾತಾಡಿದ. ಕೊನೆಗೆ ಒಂದು ಮಾತಿಗೆ ಎಲ್ಲರೂ ಒಪ್ಪಿದರು: ಯಾರಾದರೂ ಹೋಗಿ ಶೋಧಿಸಿ ಬರಲಿ. ಆಯುಧ ಇದ್ದರೆ ಯುದ್ಧ. ಇಲ್ಲದಿದ್ದರೆ ಆ ಮಾತು ಅಲ್ಲಿಗೇ ಮುಗಿಯಿತು.

"ನಾನು ಹೋಗುತ್ತೇನೆ" ಎಂದು ದಳವಾಯಿ ಎದ್ದು ನಿಂತ.

"ಬೀಗರ ಊರು! ಹೋಳಿಗೆ ಉಂಡು ಬರುತ್ತಾರೆ, ಶೋಧನೆ ಎಲ್ಲಿಂದ ಬಂತು?" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆ ನಕ್ಕಿತು.

"ಮಗಳಿರುವ ಊರಪ್ಪಾ. ಅಲ್ಲಿ ಕತ್ತಿ ಇದ್ದರೆ ಮೊದಲು ನಿದ್ದೆ ಕೆಡುವುದು ನನಗೆ" ಎಂದ ದಳವಾಯಿ.

ಶೋಧನೆಗೆ ಹೋದವನು ಆ ಊರಿನ ಅನ್ನ ನೀರು ಮುಟ್ಟಬಾರದು ಎಂಬ ಕಟ್ಟಳೆ ಆ ಸೀಮೆಯಲ್ಲಿತ್ತು. ದಳವಾಯಿ ಬುತ್ತಿ ಕಟ್ಟಿಕೊಂಡು, ಸೋರೆಬುರುಡೆಯಲ್ಲಿ ನೀರು ತುಂಬಿಕೊಂಡು ಹೊಳೆ ದಾಟಿದ. ಮಗಳು ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು, ಚೊಂಬು ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು. ಅವನು ಚೊಂಬನ್ನು ಮುಟ್ಟಲಿಲ್ಲ.

"ಒಂದು ಗುಟುಕು ನೀರಿಗೆ ನಿಮ್ಮ ಕಣ್ಣು ಮಂಜಾಗುತ್ತದೆಯೇ ಅಪ್ಪಾ?" ಎಂದಳು.

"ನನ್ನ ಕಣ್ಣಿಗೆ ಏನೂ ಆಗದಮ್ಮಾ. ಅವರು ನನ್ನ ಮಾತು ನಂಬಬೇಕಲ್ಲ" ಎಂದು ಹೇಳಿ ಅವನು ಮುಂದೆ ನಡೆದ.

ಆ ಊರಿನ ಗೌಡ ಬೀಗದ ಕೈ ಕೊಡಲು ಒಪ್ಪಲಿಲ್ಲ. ದಳವಾಯಿ ಆಯುಧಶಾಲೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ತಂದ ನೀರು ತೀರಿತು, ನಾಲಿಗೆ ಒಣಗಿತು. ಮುದುಕ ಏಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಗೌಡ ತಾನೇ ಬಂದು ಬಾಗಿಲು ತೆಗೆದ.

ಒಳಗೆ ಏನೂ ಇರಲಿಲ್ಲ. ಬಾವಲಿಗಳಿದ್ದವು, ಅಷ್ಟೇ.

ದಳವಾಯಿ ಗೋಡೆ ತಟ್ಟಿ ನೋಡಿದ. ನೆಲ ಅಗೆಸಿದ. ಅಟ್ಟ ಹತ್ತಿದ. ಒಂದು ಚೂರಿಯೂ ಸಿಗಲಿಲ್ಲ.

"ಕೆರೆಯ ಏರಿ ಒಡೆದ ವರ್ಷ ಇದ್ದ ಆಯುಧವನ್ನೆಲ್ಲ ಮಾರಿ ಏರಿ ಕಟ್ಟಿಸಿದೆವು" ಎಂದ ಗೌಡ. "ಪೂಜೆಯನ್ನು ಮಾತ್ರ ಬಿಡಲಿಲ್ಲ. ಬಿಟ್ಟರೆ ಬೆಟ್ಟದ ದರೋಡೆಕಾರರಿಗೆ ಗೊತ್ತಾಗುತ್ತದೆ. ನಮ್ಮನ್ನು ಕಾಯುತ್ತಿರುವುದು ಈ ಬೀಗ ಒಂದೇ. ಯಾರಿಗೂ ಹೇಳಬೇಡಿ ಬೀಗರೇ."

"ಹೇಳದಿದ್ದರೆ ನಮ್ಮವರು ಬರುತ್ತಾರೆ. ಹೇಳಿದರೆ ಬರುವುದಿಲ್ಲ. ಮಾತಾಗಿದೆ" ಎಂದ ದಳವಾಯಿ.

ಹಿಂತಿರುಗುವಾಗ ಅವನಿಗೆ ಬಾಯಾರಿಕೆಯೂ ನೆನಪಿರಲಿಲ್ಲ. ದೋಣಿ ದಡ ಮುಟ್ಟುವ ಮೊದಲೇ ನೀರಿಗೆ ಹಾರಿದ. ಒದ್ದೆ ಪಂಚೆಯಲ್ಲೇ ಸಭೆಗೆ ನುಗ್ಗಿದ. ಸಭೆಯೂ ಉಸಿರು ಬಿಗಿಹಿಡಿದು ಕಾದಿತ್ತು.

"ಖಾಲಿ!" ಎಂದು ಕೂಗಿದ. "ನನ್ನ ಮೊಮ್ಮಗನಾಣೆ, ಕೋಣೆ ಖಾಲಿ! ಇಡೀ ಊರಿನಲ್ಲಿ ಯುದ್ಧಕ್ಕಾಗುವ ಒಂದು ಕತ್ತಿಯೂ ಇಲ್ಲ!"

ಸಭೆ ಹೋ ಎಂದು ಎದ್ದು ನಿಂತಿತು. ರುಮಾಲುಗಳು ಮೇಲಕ್ಕೆ ಹಾರಿದವು. ಗುರುತಿಲ್ಲದವರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ದಳವಾಯಿ ಅಳುತ್ತಾ ನಗುತ್ತಾ ಸಿಕ್ಕಸಿಕ್ಕವರ ಕೈ ಹಿಡಿದು ಕುಲುಕಿದ. ಮಗಳು ಉಳಿದಳು, ಕೂಸು ಉಳಿಯಿತು ಎಂದುಕೊಂಡ.

ಆಗ ಧಾನ್ಯದ ವ್ಯಾಪಾರಿ ಕಟ್ಟೆ ಹತ್ತಿದ.

"ದಳವಾಯಿಗಳ ಮಾತಿಗೆ ಎದುರಿಲ್ಲ. ಬಾಯಿಗೆ ಹನಿ ನೀರು ಹಾಕದೆ ನೋಡಿ ಬಂದವರು" ಎಂದ. "ಅವರ ಕೈಯಲ್ಲಿ ಕತ್ತಿ ಇದೆ ಎಂಬ ಹೆದರಿಕೆಗೆ ತಾನೇ ನಾನು ಬೇಡ ಅಂದದ್ದು? ಇನ್ನೇತಕ್ಕೆ ತಡ? ಆಚೆ ದಡದ ಗದ್ದೆ ನೋಡಿದ್ದೀರಲ್ಲ! ಬಿಚ್ಚಿರಪ್ಪಾ ದೋಣಿ!"

ಬೇಕು ಎಂದಿದ್ದವರು ಹೇಗೂ ಬೇಕು ಎಂದವರೇ. ಬೇಡ ಎಂದಿದ್ದವರು ಅವರಿಗಿಂತ ಮೊದಲು ಕೈ ಎತ್ತಿದರು. ಕೆಳಗಿದ್ದ ಕೈ ದಳವಾಯಿಯದೊಂದೇ.

"ಇಲ್ಲದಿದ್ದರೆ ಹೋಗುವುದಿಲ್ಲ ಎಂದು ಮಾತು ಕೊಟ್ಟಿದ್ದಿರಿ!" ಎಂದು ಅವನು ಕಿರುಚಿದ. ಆ ಗದ್ದಲದಲ್ಲಿ ಪಕ್ಕದಲ್ಲಿದ್ದ ಒಬ್ಬ ತರುಣನಿಗೆ ಮಾತ್ರ ಅದು ಕೇಳಿಸಿತು.

"ಹೆದರಬೇಡಿ ದೊಡ್ಡಪ್ಪಾ. ಅಕ್ಕನನ್ನೂ ಮಗುವನ್ನೂ ನಾವೇ ಹುಷಾರಾಗಿ ಕರೆದುಕೊಂಡು ಬರುತ್ತೇವೆ" ಎಂದ ಆ ತರುಣ, ಪ್ರೀತಿಯಿಂದಲೇ. ಹೇಳಿ ಹೊಳೆಯ ಕಡೆ ಓಡಿದ.

ಗುರುಗಳು ಕತೆ ನಿಲ್ಲಿಸಿದರು.

ನಿಜಗುಣ ಕುಳಿತಲ್ಲಿಂದ ಅರ್ಧ ಎದ್ದಿದ್ದ. "ಹಾಗಾದರೆ ದಳವಾಯಿ ಸುಳ್ಳು ಹೇಳಬೇಕಿತ್ತೇ? ಕೋಣೆಯ ತುಂಬ ಆಯುಧವಿದೆ ಎನ್ನಬೇಕಿತ್ತೇ? ಹೇಳಿ ಗುರುಗಳೇ, ಎಲ್ಲಿ ತಪ್ಪಿದ ಅವನು?"

ಗುರುಗಳು ಅವನ ಮುಖವನ್ನೇ ನೋಡಿದರು.

"ನಾಳೆ ನಮ್ಮ ದೂತರು ಬಂದು ಏನೂ ಸಿಗಲಿಲ್ಲ ಎಂದರೆ ನಿನಗೆ ಸಮಾಧಾನವಾಗುತ್ತದೆಯೋ ನಿರಾಸೆಯಾಗುತ್ತದೆಯೋ, ಮೊದಲು ಅದನ್ನು ಹೇಳು ಮಗು."

ಅರ್ಧ ಎದ್ದಿದ್ದ ನಿಜಗುಣ ಮತ್ತೆ ಕುಳಿತುಕೊಂಡ.