ಆಂಬುಲೆನ್ಸಿಗೆ ಯಾವ ಎಣ್ಣೆ

ಮಡಿಕೇರಿಯ ಟ್ರಸ್ಟೊಂದರ ಅಧ್ಯಕ್ಷ ಬೆಳ್ಯಪ್ಪನವರು ಹೊಸ ಆಂಬುಲೆನ್ಸಿಗೆ ಗಟ್ಟಿ ಎಂಜಿನ್ ಆಯಿಲನ್ನೇ ಹಾಕಬೇಕೆಂದು ಹಟ ಹಿಡಿದರು. "ಕಂಪನಿ ಪುಸ್ತಕ ಓದಿ ನನಗೆ ಕಲಿಸಬೇಡ" ಎಂದು ಡ್ರೈವರ್ ಮೋನಪ್ಪನನ್ನು ಗದರಿದರು.

ಮರುದಿನ ಕೊರೆಯುವ ಚಳಿಯಲ್ಲಿ ಮೋನಪ್ಪ ಎರಡು ಡಬ್ಬಿಗಳನ್ನು ಅವರ ಅಂಗಳಕ್ಕೇ ತಂದ. ಒಂದರಲ್ಲಿ ಗಟ್ಟಿ ಎಣ್ಣೆ, ಇನ್ನೊಂದರಲ್ಲಿ ಪುಸ್ತಕ ಹೇಳಿದ ತೆಳು ಎಣ್ಣೆ.

"ನಿಮಗೇ ಎದೆನೋವು ಬಂದಿದೆ ಅಂದ್ಕೊಳ್ಳಿ ಸಾರ್. ಎಣ್ಣೆ ಹರಿದರೇನೇ ಗಾಡಿ ಹೊರಡೋದು. ಎರಡನ್ನೂ ಬಗ್ಗಿಸಿ ನೋಡಿ."

ತೆಳುವಾದದ್ದು ಸರ್ರನೆ ಹರಿಯಿತು. ಗಟ್ಟಿಯದು ಡಬ್ಬಿಯ ಬಾಯಲ್ಲೇ ಜೋತು ನಿಂತಿತು. ಅಧ್ಯಕ್ಷರು ಎದೆ ಮುಟ್ಟಿಕೊಂಡು, "ತೆಳುವಾದದ್ದೇ ಹಾಕು ಮಾರಾಯ. ಎಲ್ಲಿ ಕಲಿತೆ ಇದನ್ನ?" ಎಂದು ನಕ್ಕರು.

"ಹೋದ ಜನವರಿಯಲ್ಲಿ ಸಾರ್. ಹಳೇ ಗಾಡಿ ಚಳಿಗೆ ಅರ್ಧ ಗಂಟೆ ಸ್ಟಾರ್ಟ್ ಆಗಲಿಲ್ಲ. ಹಿಂದೆ ಮಲಗಿದ್ದವಳು ನನ್ನ ಹೆಂಡತಿ. ಆಸ್ಪತ್ರೆ ಮುಟ್ಟುವ ಮುಂಚೆಯೇ ಹೋದಳು."

ಆ ಗಾಡಿಗೂ ಗಟ್ಟಿ ಎಣ್ಣೆ ಆರಿಸಿದ್ದವರು ಅಧ್ಯಕ್ಷರೇ.