ಕೋತಿ ತಲೆಯಲ್ಲಿ ಸಿಕ್ಕಿದ್ದನ್ನು ಯಾರಿಗೂ ತೋರಿಸುವುದಿಲ್ಲ, ಏಕೆ?

ಭೂಮಿ ಇನ್ನೂ ಹಸಿಯಾಗಿತ್ತು. ಬೆಟ್ಟವನ್ನು ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ಎತ್ತ ಹರಿಯಬೇಕೆಂದು ತಿಳಿಯದ ಹೊಳೆ ಸಿಕ್ಕಸಿಕ್ಕವರನ್ನೆಲ್ಲ ದಾರಿ ಕೇಳುತ್ತಿತ್ತು. ಆಗ ನಡೆದದ್ದು ಇದು.

ಆ ಹೊಳೆಯ ದಡದಲ್ಲಿ ಒಂದು ದೊಡ್ಡ ಗೋಣಿ ಮರವಿತ್ತು. ಮರದ ತುಂಬ ಕೋತಿಗಳಿದ್ದವು. ಅವುಗಳಿಗೆಲ್ಲ ಹಿರಿಯ ಮುಸುಡಪ್ಪ. ಅವನು ಹಣ್ಣು ಅಂದರೆ ಹಣ್ಣೇ, ಕಾಯಿ ಅಂದರೆ ಕಾಯಿಯೇ.

ಒಂದು ದಿನ ಆ ಮರಕ್ಕೆ ತುರಿಕೆ ಬಂತು.

ಮೊದಲು ಚೂಪಕ್ಕ ಎಂಬವಳ ಕಿವಿಯ ಹಿಂದೆ ಬಂತು. ಆಮೇಲೆ ಅವಳ ಮಕ್ಕಳ ನೆತ್ತಿಗೆ. ಆಮೇಲೆ ಪಕ್ಕದ ಕೊಂಬೆಗೆ, ಅದರ ಪಕ್ಕದ ಕೊಂಬೆಗೆ. ಎಲ್ಲರೂ ಕೆರೆದರು. ಕೆರೆದಷ್ಟೂ ಉರಿಯಿತು. ಉರಿದಷ್ಟೂ ಕೆರೆದರು. ಯಾರಿಗೂ ತಮ್ಮ ತಲೆ ತಮಗೆ ಕಾಣುವುದಿಲ್ಲವಲ್ಲ, ಅಲ್ಲಿ ಏನಾಗಿದೆಯೆಂದು ಯಾರಿಗೂ ತಿಳಿಯಲಿಲ್ಲ.

ಈ ತುರಿಕೆಯನ್ನು ತಂದದ್ದು ನೀನಾ ಎಂದು ಗಾಳಿಯನ್ನು ಕೇಳಿದರು. ನಾನು ವಾಸನೆ ತರುತ್ತೇನೆ, ಧೂಳು ತರುತ್ತೇನೆ, ತುರಿಕೆಯನ್ನು ಹೊತ್ತು ನನಗೆ ಅಭ್ಯಾಸವಿಲ್ಲ ಎಂದಿತು ಗಾಳಿ. ಹೊಳೆಯನ್ನು ಕೇಳಿದರು. ನೀವು ಹೊಟ್ಟೆಯವರೆಗೆ ಇಳಿದು ಓಡಿಹೋಗುತ್ತೀರಿ, ಒಂದು ದಿನವಾದರೂ ತಲೆ ಮುಳುಗಿಸಿದ್ದೀರಾ, ನಿಮ್ಮ ತಲೆಯ ಸುದ್ದಿ ನನಗೇನು ಗೊತ್ತು ಎಂದಿತು ಹೊಳೆ.

ಕೋತಿಗಳು ಗಾಳಿಯನ್ನೂ ನಂಬಲಿಲ್ಲ, ಹೊಳೆಯನ್ನೂ ನಂಬಲಿಲ್ಲ. ಮುಸುಡಪ್ಪನಂತೂ ಯಾರನ್ನೂ ನಂಬಲಿಲ್ಲ. ಇದನ್ನು ನಮ್ಮೊಳಗಿನವರೇ ಯಾರೋ ತಂದಿದ್ದಾರೆ ಎಂದ. ಅದೇ ಸಂಜೆ ಒಂದು ಕಟ್ಟಳೆ ಮಾಡಿದ. ಯಾರ ತಲೆಯಲ್ಲಿ ಏನಾದರೂ ಸಿಕ್ಕಿತೋ ಅವರು ಮರ ಇಳಿದು ಹೋಗಬೇಕು, ಮತ್ತೆ ಹತ್ತಬಾರದು.

ಮರದ ಬುಡದಲ್ಲಿ ಚಿರತೆ ಮಲಗಿತ್ತು. ಅದು ಒಂದು ಕಣ್ಣು ಬಿಟ್ಟು, ನನಗೇನೂ ಅವಸರವಿಲ್ಲ ಎಂದಿತು.

ಅವತ್ತಿನಿಂದ ಆ ಮರದಲ್ಲಿ ಯಾರೂ ತಲೆ ಕೆರೆದುಕೊಳ್ಳಲಿಲ್ಲ.

ತುರಿಕೆ ಇತ್ತು. ಕೆರೆಯುವ ಹಾಗಿರಲಿಲ್ಲ. ಒಬ್ಬನು ತೊಗಟೆ ಗಟ್ಟಿಯಿದೆಯೇ ನೋಡುತ್ತೇನೆ ಎನ್ನುತ್ತ ಕಾಂಡಕ್ಕೆ ತಲೆ ಉಜ್ಜುತ್ತಿದ್ದ. ಒಬ್ಬಳು ಕೈಯನ್ನು ಕುಂಡೆಯ ಕೆಳಗಿಟ್ಟು ಅದರ ಮೇಲೇ ಕೂತಿರುತ್ತಿದ್ದಳು. ಮುಸುಡಪ್ಪ ಎರಡು ಕೊಂಬೆಗಳ ನಡುವೆ ತಲೆ ಸಿಕ್ಕಿಸಿಕೊಂಡು, ಹೀಗೆ ಮಲಗಿದರೆ ನಿದ್ದೆ ಚೆನ್ನಾಗಿ ಬರುತ್ತದೆ ಎನ್ನುತ್ತಿದ್ದ.

ಎಲ್ಲರೂ ಎಲ್ಲರನ್ನೂ ನೋಡುತ್ತಿದ್ದರು. ಹಣ್ಣಿಗೆಂದು ಮೇಲೆ ಹೋದ ಕೈ ಹಣ್ಣು ಹಿಡಿದು ಕೆಳಗೆ ಬರುವವರೆಗೂ ಹತ್ತು ಜೋಡಿ ಕಣ್ಣು ಅದರ ಹಿಂದೆಯೇ ಇರುತ್ತಿದ್ದವು.

ಆ ಮರದಲ್ಲಿ ದುಗ್ಗಜ್ಜಿ ಎಂಬ ಮುದುಕಿ ಇದ್ದಳು. ಅವಳಿಗೆ ಮಿಣುಕಿ ಎಂಬ ಮೊಮ್ಮಗಳು. ತಾಯಿಯಿಲ್ಲದ ಮಿಣುಕಿಗೆ ಊಟ, ನಿದ್ದೆ, ಆಟ ಎಲ್ಲ ಅಜ್ಜಿಯ ಮಡಿಲಲ್ಲೇ. ದೊಡ್ಡವರೆದುರು ಅವಳು ಬಾಯಿ ಬಿಟ್ಟದ್ದನ್ನು ಯಾರೂ ಕೇಳಿರಲಿಲ್ಲ.

ದುಗ್ಗಜ್ಜಿ ಮೂರು ದಿನ ತಡೆದಳು. ನಾಲ್ಕನೆಯ ದಿನ ಅವಳ ಕೈ ಅವಳನ್ನು ಕೇಳದೆ ಮೇಲೆ ಹೋಯಿತು. ಕರ್ ಕರ್ ಕರ್.

ಮರವೆಲ್ಲ ಅತ್ತ ತಿರುಗಿತು.

"ನೋಡಿದ್ರಾ?" ಅಂದಳು ಚೂಪಕ್ಕ. "ನಾನು ಆವತ್ತೇ ಅಂದ್ಕೊಂಡಿದ್ದೆ."

ಒಣಗಿದ ಎಲೆ ಬಿದ್ದಿತ್ತು ಕಣಮ್ಮ, ಅದನ್ನು ತೆಗೆದೆ ಎಂದಳು ಅಜ್ಜಿ. ಮುಸುಡಪ್ಪ ತಲೆ ನೋಡಬೇಕು ಎಂದ. ನೋಡುವವರು ಯಾರು? ಮುಟ್ಟಿದರೆ ತಮಗೂ ಅಂಟೀತೆಂದು ಎಲ್ಲರೂ ಒಂದೊಂದು ಕೊಂಬೆ ಹಿಂದಕ್ಕೆ ಸರಿದರು. ಮಿಣುಕಿ ಮಾತ್ರ ಸರಿಯಲಿಲ್ಲ, ನೋಡುವ ಕೆಲಸ ಅವಳ ಪಾಲಿಗೆ ಬಂತು. ಮೊಮ್ಮಗಳು ಸುಳ್ಳು ಹೇಳುತ್ತಾಳೆ ಎಂದು ಚೂಪಕ್ಕ ತಕರಾರು ತೆಗೆದಳು. ಹಾಗಾದರೆ ನೀನೇ ನೋಡು ಎಂದ ಮುಸುಡಪ್ಪ. ಚೂಪಕ್ಕ ತನ್ನ ಎರಡೂ ಕೈ ನೋಡಿಕೊಂಡು, ಅವಳೇ ನೋಡಲಿ, ಸಿಕ್ಕಿದ್ದನ್ನು ಎಲ್ಲರಿಗೂ ಎತ್ತಿ ತೋರಿಸಲಿ ಎಂದಳು.

ಮಿಣುಕಿ ಅಜ್ಜಿಯ ಹಿಂದೆ ಕೂತಳು. ಕೂದಲು ಬಿಡಿಸಿದಳು.

ಮೊದಲು ಕಂಡದ್ದು ಮೀನಿನ ಪೊರೆಯಂಥ ಬಿಳಿ ಹೊಟ್ಟು. ಆಮೇಲೆ ಕೆರೆದು ಕೆರೆದು ಕೆಂಪಾದ ಗೀರುಗಳು. ಆಮೇಲೆ, ಕಿವಿಯ ಹಿಂದೆ, ಒಂದು ಎಳ್ಳು. ಎಳ್ಳು ನಡೆಯಿತು.

ಅದಕ್ಕೆ ಕಾಲುಗಳಿದ್ದವು. ಕಾಲಿದ್ದದ್ದು ಒಂದೇ ಕಡೆ ಇರುತ್ತದೆಯೇ? ದಿನಾ ಅಜ್ಜಿಯ ತಲೆಗೆ ತಲೆಯಾನಿಸಿ ಮಲಗುವವಳು ತಾನೇ ಎಂದು ಮಿಣುಕಿಗೆ ನೆನಪಾಯಿತು. ಮೊನ್ನೆ ಮಳೆಯಲ್ಲಿ ಇಡೀ ಮರದ ತಲೆಗಳೆಲ್ಲ ಒಂದೇ ಕೊಂಬೆಯ ಕೆಳಗೆ ಒತ್ತಿಕೊಂಡು ಕೂತದ್ದೂ ನೆನಪಾಯಿತು. ಹಾಗಾದರೆ ಇದು ಯಾರದ್ದು? ಎಲ್ಲರದ್ದು. ಆದರೆ ಈಗ ತೋರಿಸಿದರೆ ಇಳಿಯಬೇಕಾದವಳು ಅಜ್ಜಿಯೊಬ್ಬಳೇ.

ಕೆಳಗೆ ಚಿರತೆ ಎದ್ದು ಮೈಮುರಿಯಿತು. ಮಿಣುಕಿಯ ಬೆರಳ ಹಿಡಿತದಲ್ಲಿ ಹೇನು ಕಾಲು ಆಡಿಸುತ್ತಿತ್ತು.

ಏನಾದರೂ ಸಿಕ್ಕಿತಾ ಎನ್ನುತ್ತ ಚೂಪಕ್ಕ ಕತ್ತು ಚಾಚಿದಳು.

ಮಿಣುಕಿ ಅದನ್ನು ಬಾಯಿಗೆ ಹಾಕಿಕೊಂಡುಬಿಟ್ಟಳು.

"ಏನೇ ಅದು ತಿಂದಿದ್ದು?"

ಮಿಣುಕಿ ಅಗಿದಳು. ನುಂಗಿದಳು.

"ಉಪ್ಪು, ಅತ್ತೆ. ಬೆವರಿದ್ದು."

ಉಪ್ಪಂತೆ, ಉಪ್ಪಂತೆ ಎಂದು ಮರವೆಲ್ಲ ಗುಸುಗುಸು. ಯಾರೂ ನಂಬಲಿಲ್ಲ. ಚೂಪಕ್ಕನಿಗೆ ಈಗ ಅಂಟುವ ಭಯವೂ ಮರೆತುಹೋಯಿತು. ಮಿಣುಕಿಯನ್ನು ಪಕ್ಕಕ್ಕೆ ತಳ್ಳಿ, ಅಜ್ಜಿಯ ಹಿಂದೆ ತಾನೇ ಕೂತು ಹುಡುಕತೊಡಗಿದಳು. ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವಳ ಬೆರಳಿಗೂ ಒಂದು ಸಿಕ್ಕಿತು. ಕಣ್ಣು ಹೊಳೆಯಿತು. ಕೈ ಎತ್ತಬೇಕು ಎನ್ನುವಷ್ಟರಲ್ಲಿ ಅವಳ ತಲೆಯಲ್ಲಿ ಯಾರದೋ ಸಣ್ಣ ಬೆರಳುಗಳು ಆಡಿದವು.

ಮಿಣುಕಿ ಅವಳ ಹಿಂದೆ ಬಂದು ಕೂತಿದ್ದಳು. ಚೂಪಕ್ಕನ ಕಿವಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು.

"ಅತ್ತೆ, ನಿಮ್ಮ ತಲೇಲೂ ಉಪ್ಪಿದೆ. ತುಂಬಾನೇ ಇದೆ. ತೋರಿಸ್ಲಾ?"

ಚೂಪಕ್ಕ ಕೆಳಗೆ ಚಿರತೆಯನ್ನು ನೋಡಿದಳು. ಕೈಯಲ್ಲಿದ್ದುದನ್ನು ನೋಡಿದಳು. ಬಾಯಿಗೆ ಹಾಕಿಕೊಂಡಳು.

"ಉಪ್ಪೇ," ಎಂದಳು ಎಲ್ಲರಿಗೂ ಕೇಳುವ ಹಾಗೆ.

ಮುಸುಡಪ್ಪನಿಗೆ ಅನುಮಾನ ಇನ್ನೂ ಹೆಚ್ಚಾಯಿತು. ಎಲ್ಲರೂ ಸಾಲಾಗಿ ಕೂತು ಮುಂದಿನವರ ತಲೆ ನೋಡಿ ಎಂದು ಗದರಿಸಿದ. ಕೂತರು. ನೋಡಿದರು. ಎಲ್ಲರ ಬೆರಳಿಗೂ ಸಿಕ್ಕಿತು. ಸಿಕ್ಕಿದವನು ತೋರಿಸೋಣವೆಂದುಕೊಳ್ಳುವನು, ಅಷ್ಟರಲ್ಲಿ ತನ್ನ ತಲೆಯ ಮೇಲಿರುವ ಬೆರಳು ನೆನಪಾಗುವುದು, ಸುಮ್ಮನೆ ಬಾಯಿಗೆ ಹಾಕಿಕೊಳ್ಳುವನು. ಇಲ್ಲೊಬ್ಬ ಉಪ್ಪು ಎಂದ. ಅಲ್ಲೊಬ್ಬಳು ಉಪ್ಪು ಎಂದಳು. ಸಾಲಿನುದ್ದಕ್ಕೂ ಉಪ್ಪು.

ಸಾಲಿನ ಕೊನೆಯಲ್ಲಿ ಕೂತವನು ಮುಸುಡಪ್ಪ. ಅವನ ಹಿಂದೆ ಯಾರೂ ಇರಲಿಲ್ಲ. ಅವನ ತಲೆಯೋ, ಬೆಂಕಿ ಇಟ್ಟ ಹಾಗೆ ಉರಿಯುತ್ತಿತ್ತು. ಸಾಲಿನ ಮೊದಲಲ್ಲಿದ್ದ ದುಗ್ಗಜ್ಜಿಯ ಕೈಗೆ ಯಾರ ತಲೆಯೂ ಸಿಕ್ಕಿರಲಿಲ್ಲ. ಅವಳು ಎದ್ದು ಕೊಂಬೆ ಹಿಡಿದು ನಡೆದುಬಂದು, ಕೇಳದೆಯೇ ಅವನ ಹಿಂದೆ ಕೂತಳು.

ಅಜ್ಜಿ ಬಹಳ ಹೊತ್ತು ನೋಡಿದಳು. ಚಿರತೆಯೂ ತಲೆಯೆತ್ತಿ ನೋಡಿತು.

"ಏನಿದೆ?" ಎಂದ ಮುಸುಡಪ್ಪ. ಅವನ ದನಿ ಸಣ್ಣಗಾಗಿತ್ತು.

"ರಾಶಿ ಉಪ್ಪು ಕಣಪ್ಪಾ. ಒಂದಿನಕ್ಕೆ ಮುಗಿಯೋದಲ್ಲ."

ಅವಳು ಒಂದೊಂದಾಗಿ ಹೆಕ್ಕತೊಡಗಿದಳು. ಮುಸುಡಪ್ಪನ ಕಣ್ಣು ತಾನಾಗಿ ಮುಚ್ಚಿತು. ಕೆಳದುಟಿ ಜೋತುಬಿತ್ತು. ಹಾಗಾದರೆ ದಿನಾ ತೆಗೆಯಬೇಕು ಎಂದ.

ಚಿರತೆ ಎದ್ದು ಬೇರೆ ಮರ ಹುಡುಕಿಕೊಂಡು ಹೋಯಿತು.

ಮರುದಿನದಿಂದ ಕೋತಿಗಳು ತಲೆಯನ್ನೂ ಹೊಳೆಯಲ್ಲಿ ಮುಳುಗಿಸಿದವು. ಗೀರಾದ ಕಡೆ ಉಗುರು ಹಾಕಬೇಡಿ, ವಾಸಿಯಾಗಲು ಬಿಡಿ ಎಂದು ಹೊಳೆ ಹೇಳಿತು. ಕೊಟ್ಟವರು ಯಾರು, ತಂದವರು ಯಾರು ಎಂದು ಕೇಳುವುದು ನಿಂತಿತು. ಬಿಡಿಸುವುದು, ಹೆಕ್ಕುವುದು, ದಿನಾ ನಡೆಯಿತು. ಹತ್ತು ಹದಿನೈದು ದಿನಕ್ಕೆ ಉರಿ ಇಳಿಯಿತು.

ಆದರೆ ಮುಸುಡಪ್ಪ ಆ ಕಟ್ಟಳೆಯನ್ನು ತೆಗೆದುಹಾಕಲೇ ಇಲ್ಲ. ತೆಗೆದುಹಾಕಬೇಕಾದರೆ ಉಪ್ಪಿನ ವಿಚಾರ ಮಾತಾಡಬೇಕಿತ್ತಲ್ಲ.

ಅದಕ್ಕೇ ನೋಡು, ನಮ್ಮ ಬಸ್ ಸ್ಟ್ಯಾಂಡಿನ ನೀರಿನ ಟ್ಯಾಂಕಿನ ಮೇಲೆ ಕೂತ ಕೋತಿ ಇವತ್ತಿಗೂ ಇನ್ನೊಂದರ ತಲೆಯಲ್ಲಿ ಸಿಕ್ಕಿದ್ದನ್ನು ನಿನಗೆ ತೋರಿಸುವುದಿಲ್ಲ. ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಕಳ್ಳಗಣ್ಣು ಹಾಯಿಸಿ, ತಟ್ಟನೆ ಬಾಯಿಗೆ ಹಾಕಿಕೊಳ್ಳುತ್ತದೆ.